ಲೂಸಿಯ ಎರಡು ಪ್ರಮಾಣಗಳು

ರಾಯಚೂರು
27 ಜನವರಿ 1985

ಅಕ್ಕಾ,

ಇಷ್ಟು ದಿನ ಕಾಗದ ಬರೆಯಲಿಲ್ಲ ಎಂದು ಬೈಯುವುದಾದರೆ ಕೊನೆಯವರೆಗೂ ಓದಿ ಬೈಯಿ.

ನಮ್ಮ ಆಸ್ಪತ್ರೆಯ ಎಕ್ಸ್‌ರೇ ವಿಭಾಗದ ಚೌರಪ್ಪನವರ ಬಗ್ಗೆ ಹಿಂದೊಮ್ಮೆ ಬರೆದಿದ್ದೆ. ಹೆಂಡತಿ ತೀರಿಕೊಂಡು ಆರು ವರ್ಷವಾಗಿದೆ. ಕಡಿಮೆ ಮಾತಿನ ಮನುಷ್ಯ. ಕ್ರಿಸ್ಮಸ್ ಆದ ಮೇಲೆ ಒಂದು ದಿನ ನನ್ನ ನರ್ಸಿಂಗ್ ಡ್ಯೂಟಿ ಮುಗಿದಾಗ ವಾರ್ಡಿನ ಬಾಗಿಲಲ್ಲಿ ನಿಲ್ಲಿಸಿ, "ಸಿಸ್ಟರ್, ನಿಮ್ಮದೇನೂ ಅಭ್ಯಂತರ ಇಲ್ಲಾಂದ್ರೆ ಫಾದರ್ ಹತ್ರ ಮಾತಾಡ್ಲಾ?" ಎಂದರು. ಏನು ವಿಷಯ ಎಂದು ನಾನು ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ನನಗೀಗ ಮೂವತ್ತೆಂಟು. ರಾಯಪ್ಪ ಬಿಟ್ಟು ಹೋದಾಗ ಮದುವೆಯಾಗಿ ಒಂದು ವರ್ಷವೂ ತುಂಬಿರಲಿಲ್ಲ. ಆಮೇಲೆ ಧರ್ಮಾಧ್ಯಕ್ಷರ ನ್ಯಾಯಪೀಠಕ್ಕೆ ನಾಲ್ಕು ವರ್ಷ ಓಡಾಡಿದ್ದು ನಿನಗೇ ಗೊತ್ತು. ಬೈಬಲಿನ ಮೇಲೆ ಕೈಯಿಟ್ಟು ನೀನೂ ಸಾಕ್ಷಿ ಹೇಳಿದ್ದೀಯ. ಬಾವಿಗೆ ಬೀಳುತ್ತೇನೆಂದು ಹೆದರಿಸಿ ಅವನ ತಾಯಿ ಅವನನ್ನು ಮದುವೆಗೆ ನಿಲ್ಲಿಸಿದ್ದಳು, ಅವನ ಮನಸ್ಸು ಮೊದಲ ದಿನದಿಂದಲೇ ಅಲ್ಲಿರಲಿಲ್ಲ ಎಂದು ನಾವಿಬ್ಬರೂ ಹೇಳಿದೆವು. ಅವನೂ ಒಪ್ಪಿಕೊಂಡ. ಮನಸಾರೆ ಒಪ್ಪಿಗೆ ಇಲ್ಲದ್ದರಿಂದ ಆ ಮದುವೆ ಆಗಲೇ ಇಲ್ಲ ಎಂದು ಚರ್ಚು ತೀರ್ಪು ಕೊಟ್ಟು ಒಂದೂವರೆ ವರ್ಷವಾಯಿತು. ಇಷ್ಟು ದಿನ ಆ ತೀರ್ಪನ್ನು ಸೂಟ್‌ಕೇಸಿನ ತಳದಲ್ಲಿ ಇಟ್ಟುಕೊಂಡಿದ್ದೆ. ಈಗ ಅದಕ್ಕೆ ಕೆಲಸ ಬಿದ್ದಿದೆ.

ಇಲ್ಲಿಯ ಫಾದರ್‌ಗೆ ನನ್ನ ಜ್ಞಾನಸ್ನಾನದ ಸರ್ಟಿಫಿಕೇಟು ಹೊಸದಾಗಿ ಬೇಕಂತೆ. ತೀರ್ಪನ್ನು ಅದರ ಅಂಚಿನಲ್ಲಿ ಬರೆದಿರುತ್ತಾರಂತೆ. ನಮ್ಮ ಚರ್ಚಿನಿಂದ ತೆಗೆಸಿ ಕಳಿಸು. ಬಂದ ಮೇಲೆ ಮೂರು ಭಾನುವಾರ ಪೂಜೆಯಲ್ಲಿ ನಮ್ಮಿಬ್ಬರ ಹೆಸರು ಕೂಗುತ್ತಾರೆ. ಅಡ್ಡಿ ಇರುವವರು ಎದ್ದು ಹೇಳಲಿ. ಯಾರಿದ್ದಾರೆ ಹೇಳಲಿಕ್ಕೆ?

ನಿನ್ನ
ಲೂಸಿ


ಬಸವೇಶ್ವರನಗರ, ಬೆಂಗಳೂರು
19 ಫೆಬ್ರವರಿ 1985

ಪ್ರೀತಿಯ ಲೂಸಿ,

ಸರ್ಟಿಫಿಕೇಟನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದಾಗ ಜೊತೆಗೆ ಕಾಗದ ಇಡಲಿಲ್ಲ. ಏನು ಬರೆಯಬೇಕೆಂದು ಗೊತ್ತಾಗಿರಲಿಲ್ಲ. ಸಂತೋಷ ಎಂದು ಮೊದಲು ಬರೆಯುತ್ತೇನೆ, ಅದು ನಿಜ. ಉಳಿದದ್ದೂ ನಿಜ, ಅದನ್ನು ಬರೆಯದೆ ಇರಲಾರೆ.

ಪಕ್ಕದ ಮನೆಯ ಅನಂತಲಕ್ಷ್ಮಿಯ ಯಜಮಾನರು ಲಕ್ಷ್ಮೀಪತಿ ರಾಜಾಜಿನಗರದಲ್ಲಿ ವಕೀಲರು. ನಿನ್ನ ವಿಷಯವನ್ನು ಅವರ ಮುಂದೆ ಸುಮ್ಮನೆ ಖುಷಿಗೆ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟರು. "ಮೇಡಂ, ಚರ್ಚಿನ ಕಾಗದ ಚರ್ಚಿಗೆ. ಸರ್ಕಾರದ ಲೆಕ್ಕದಲ್ಲಿ ನಿಮ್ಮ ತಂಗಿ ಇವತ್ತಿಗೂ ರಾಯಪ್ಪನ ಹೆಂಡ್ತಿ" ಎಂದರು. ಈಗ ನೀನು ಮದುವೆಯಾದರೆ ಗಂಡ ಬದುಕಿರುವಾಗ ಮತ್ತೊಂದು ಮದುವೆಯಾದ ಅಪರಾಧವಂತೆ. ಅವನು ದೂರು ಕೊಟ್ಟರೆ ಜೈಲಾಗಬಹುದಂತೆ.

ಹಾಗಾದರೆ ಕೋರ್ಟಿನಲ್ಲೇ ಬಿಡುಗಡೆ ಪಡೆಯೋಣ ಎಂದೆ. ಅವರು ನೂರು ವರ್ಷಕ್ಕೂ ಹಿಂದಿನ ಒಂದು ಕಾನೂನು ತೆಗೆದು ತೋರಿಸಿದರು. ಕ್ರೈಸ್ತ ಗಂಡಸಿಗೆ ಹೆಂಡತಿಯ ಹಾದರ ಒಂದನ್ನು ತೋರಿಸಿದರೆ ಸಾಕು. ಕ್ರೈಸ್ತ ಹೆಂಗಸಿಗೆ ಅದು ಸಾಲದು, ಬಿಟ್ಟು ಹೋದದ್ದೂ ಸಾಲದು. ಎರಡೂ ಒಟ್ಟಿಗೆ ಬೇಕು. ಕೆಳಗಿನ ಕೋರ್ಟಿನಲ್ಲಿ ಬಿಡುಗಡೆ ಸಿಕ್ಕಿದ ಮೇಲೂ ಹೈಕೋರ್ಟಿನ ಮೂವರು ನ್ಯಾಯಾಧೀಶರು ಕೂತು ಸರಿ ಎನ್ನಬೇಕು. ಅನಂತಲಕ್ಷ್ಮಿ ಅಡುಗೆಮನೆಯಿಂದಲೇ, "ನಮ್ಮ ನೆಂಟರ ಪುಟ್ಟಲಕ್ಷ್ಮಿ ಡೈವೋರ್ಸಿಗೆ ಇಬ್ರೂ ಸೈನ್ ಹಾಕಿದ್ರು, ವರ್ಷದೊಳಗೆ ಮುಗೀತಪ್ಪ. ನಿಮ್ಮದರಲ್ಲಿ ಯಾಕೆ ಇಷ್ಟೊಂದು ತರಲೆ?" ಎಂದಳು.

ಹೆಸರು ಕೂಗಿಸುವುದನ್ನು ಸ್ವಲ್ಪ ದಿನ ನಿಲ್ಲಿಸು. ನಾನು ದಾರಿ ಹುಡುಕುತ್ತೇನೆ.

ಅಗಾತಾ


ರಾಯಚೂರು
26 ಫೆಬ್ರವರಿ 1985

ಅಕ್ಕಾ,

ಒಂದು ಭಾನುವಾರ ಕೂಗಿ ಆಗಿತ್ತು. ಎರಡನೆಯದನ್ನು ನಾನೇ ಹೋಗಿ ನಿಲ್ಲಿಸಿದೆ. ಈಗ ಆಸ್ಪತ್ರೆಯಲ್ಲಿ ಆಯಾಗಳಿಂದ ಹಿಡಿದು ಡಾಕ್ಟರವರೆಗೆ, ಅಡ್ಡಿ ತಂದವರು ಯಾರು ಎಂದು ಕೇಳುತ್ತಿದ್ದಾರೆ. ನಮ್ಮ ಅಕ್ಕ ಎಂದು ಹೇಳಲಾ?

ನಿನ್ನನ್ನು ಯಾರು ವಕೀಲರ ಹತ್ತಿರ ಹೋಗು ಎಂದರು? ನೀನು ಮದುವೆಯ ಗೊಡವೆಗೇ ಹೋಗಲಿಲ್ಲ. ಊರವರ ಮದುವೆಯ ಕಾನೂನೆಲ್ಲ ನಿನಗೇ ಬೇಕು.

ಲೂಸಿ


ಬಸವೇಶ್ವರನಗರ
30 ಜೂನ್ 1985

ಪ್ರೀತಿಯ ಲೂಸಿ,

ನಾಲ್ಕು ತಿಂಗಳು ನಾನೂ ಬರೆಯಲಿಲ್ಲ, ನೀನೂ ಬರೆಯಲಿಲ್ಲ. ನಿನ್ನ ಕೊನೆಯ ಸಾಲನ್ನು ಬಹಳ ಸಲ ಯೋಚಿಸಿದೆ. ಅದರಲ್ಲಿ ಸತ್ಯ ಎಷ್ಟು ಎಂದು ನನಗೇ ತಿಳಿಯದು. ಒಂಟಿ ಹೆಂಗಸಿಗೆ ನಿಯಮಗಳ ಮೇಲೆ ಹೆಚ್ಚು ಭರವಸೆ ಬರುತ್ತದೇನೋ. ಅದಿರಲಿ.

ಬೇಸಿಗೆ ರಜೆಯಲ್ಲಿ ಬಿನ್ನಿಪೇಟೆಗೆ ಹೋಗಿದ್ದೆ. ರಾಯಪ್ಪ ಈಗಲೂ ಮಿಲ್ಲಿನಲ್ಲೇ ಇದ್ದಾನೆ. ಅವನು ಬೇರೆ ಹೆಂಗಸಿನ ಜೊತೆ ಸಂಸಾರ ಮಾಡುತ್ತಿದ್ದರೆ ನೋಡಿದವರು ಯಾರಾದರೂ ಸಾಕ್ಷಿಗೆ ಬೇಕು ಎಂದಿದ್ದರು ಲಕ್ಷ್ಮೀಪತಿ. ನನ್ನಂಥವಳು ಬೀದಿಯಲ್ಲಿ ನಿಂತು ಅಂಥದ್ದನ್ನು ಹೇಗೆ ಕೇಳುವುದು? ಎರಡು ಸಲ ಮಿಲ್ಲಿನ ಮನೆಗಳ ಸಾಲಿನ ನಲ್ಲಿಯವರೆಗೆ ಹೋಗಿ ಹಿಂದಿರುಗಿದೆ. ಮೂರನೆಯ ಸಲ ಆ ಸಾಲಿನ ಮುನಿತಾಯಮ್ಮ ಎಂಬಾಕೆಯೇ ಮಾತಾಡಿಸಿದಳು. ನಾನು ತೊದಲುತ್ತ ಕೇಳಿದ್ದಕ್ಕೆ ಆಕೆಗೆ ನಗು ಬಂತು. "ಕದ್ದು ಮುಚ್ಚಿ ಇಟ್ಕೊಂಡಿರೋದಲ್ಲ ಕಣಮ್ಮ. ಚರ್ಚಲ್ಲಿ ಬ್ಯಾಂಡ್ ಹಾಕ್ಸಿ ಮದ್ವೆ ಆಗವ್ನೆ. ನಮ್ಮನ್ನೂ ಊಟಕ್ಕೆ ಕರ್ದಿದ್ದ."

ಹೆಂಡತಿಯ ಹೆಸರು ಸಗಾಯಮ್ಮ. ಮಗು ಇದೆ.

ಲಕ್ಷ್ಮೀಪತಿಗೆ ಇದು ಹಬ್ಬದಂತಾಯಿತು. ಚರ್ಚಿನ ಮದುವೆ ಪುಸ್ತಕದ ಒಂದು ಪ್ರತಿ ತಂದುಬಿಡಿ, ಮೊದಲ ಹೆಂಡತಿ ಇರುವಾಗ ಇನ್ನೊಂದು ಮದುವೆಯಾದದ್ದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ ಎಂದರು. ನಿನ್ನನ್ನು ಬಿಡಿಸಿದ ತೀರ್ಪೇ ಅವನನ್ನೂ ಬಿಡಿಸಿದೆ, ಅದನ್ನು ನಂಬಿ ಅವನು ಮದುವೆಯಾಗಿದ್ದಾನೆ ಎಂದೆ. ಅವರು, "ಅದಕ್ಕೇ ಆ ತೀರ್ಪನ್ನ ಕೋರ್ಟಲ್ಲಿ ತೋರಿಸೋದೇ ಬೇಡ" ಎಂದರು.

ಅಲ್ಲಿನ ಫಾದರ್ ಪ್ರತಿ ಕೊಡಲಿಲ್ಲ. ಕೋಪಿಸಿಕೊಳ್ಳಲೂ ಇಲ್ಲ. "ಈ ಚರ್ಚು ಆಶೀರ್ವಾದ ಮಾಡಿದ ಮದುವೆ ಅಮ್ಮಾ ಇದು. ಇದನ್ನ ಹಾದರ ಅನ್ನೋದಕ್ಕೆ ಈ ಚರ್ಚಿನ ಪುಸ್ತಕವನ್ನೇ ಕೇಳ್ತೀರಲ್ಲ" ಎಂದರು. ನಾನು ಎದ್ದು ಬಂದೆ. ಅವರು ಹೇಳಿದ್ದರಲ್ಲಿ ತಪ್ಪು ಕಾಣಲಿಲ್ಲ. ವಕೀಲರು ಹೇಳಿದ್ದರಲ್ಲೂ ಕಾಣಲಿಲ್ಲ. ಮಾಗಡಿ ರಸ್ತೆಯ ಬಸ್ಸಿನಲ್ಲಿ ಕೂತು, ತಪ್ಪಿಲ್ಲದ ಇಬ್ಬರ ಮಧ್ಯೆ ನನ್ನ ತಂಗಿ ಸಿಕ್ಕಿಕೊಂಡಿದ್ದಾಳಲ್ಲ ಎಂದು ಹಲ್ಲು ಕಚ್ಚಿಕೊಂಡೆ.

ಅವನು ಮದುವೆಯಾದದ್ದು ನಿನಗೆ ಗೊತ್ತಿತ್ತೆ?

ಅಗಾತಾ


ರಾಯಚೂರು
14 ಜುಲೈ 1985

ಅಕ್ಕಾ,

ಗೊತ್ತಿತ್ತು. ಮದುವೆಗೆ ಮೊದಲು ಅವನೇ ಒಂದು ಕಾರ್ಡು ಬರೆದಿದ್ದ. ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ಅದನ್ನು ಹಿಡಿದುಕೊಂಡು ಎಲ್ಲಿಗೆ ಹೋಗುತ್ತೀಯೆಂದು ಈಗ ನೋಡಿದೆಯಲ್ಲ.

ಆ ಮದುವೆ ಆಗಿಯೇ ಇಲ್ಲ ಎಂದು ಬೈಬಲಿನ ಮೇಲೆ ಕೈಯಿಟ್ಟು ಹೇಳಿದವಳು ನಾನು. ಈಗ ಅದೇ ಬೈಬಲಿನ ಮೇಲೆ ಅದೇ ಕೈಯಿಟ್ಟು, ಆಗಿತ್ತು, ಇವನು ನನ್ನ ಗಂಡ, ಅವಳು ಅವನ ಸೂಳೆ ಎಂದು ಹೇಳಬೇಕು. ಎರಡು ಕಡೆಯೂ ದೇವರ ಹೆಸರೇ. ನನ್ನಿಂದ ಆಗುವುದಿಲ್ಲ.

ಚೌರಪ್ಪನವರು ಕಾಯುತ್ತೇನೆ ಎಂದಿದ್ದಾರೆ. ಏನಕ್ಕೆ ಎಂದು ಇಬ್ಬರಿಗೂ ಗೊತ್ತಿಲ್ಲ.

ಲೂಸಿ


ಬಸವೇಶ್ವರನಗರ
2 ಡಿಸೆಂಬರ್ 1985

ಪ್ರೀತಿಯ ಲೂಸಿ,

ಸಗಾಯಮ್ಮನನ್ನು ನೋಡಿಬಂದೆ. ಯಾಕೆ ಹೋದೆನೆಂದು ಕೇಳಬೇಡ. ಕೋರ್ಟಿನ ಕಾಗದದಲ್ಲಿ ಒಬ್ಬಳ ಹೆಸರು ಬರೆಯುವ ಮೊದಲು ಅವಳ ಮುಖ ನೋಡಬೇಕೆನಿಸಿತು.

ಮೂಡಲಪಾಳ್ಯದಲ್ಲಿ ಒಂದೇ ಕೋಣೆಯ ಮನೆ. ಮಿಲ್ಲಿನ ಸಾಲಿನಿಂದ ಅಲ್ಲಿಗೆ ಬಂದಿದ್ದಾರೆ. ರಾಯಪ್ಪ ಶಿಫ್ಟಿಗೆ ಹೋಗಿದ್ದ. ಅವಳಿಗೆ ಇಪ್ಪತ್ತೇಳು ಇರಬಹುದು. ನಾನು ಯಾರೆಂದು ಹೇಳಿದಾಗ ಬಾಗಿಲು ಬಿಟ್ಟು ಒಳಗೆ ಸರಿದಳು. ಆಮೇಲೆ ಕುರ್ಚಿ ಒರೆಸಿ ಕೊಟ್ಟಳು. ಮಗು ನನ್ನ ಚೀಲದ ಪಟ್ಟಿ ಜಗ್ಗುತ್ತಿತ್ತು.

ಕಾನೂನು ಹೀಗಿದೆ ಎಂದು ಆದಷ್ಟು ಮೆತ್ತಗೆ ಹೇಳಿದೆ. ಎಷ್ಟು ಮೆತ್ತಗೆ ಹೇಳಿದರೂ ಅದು ಅದೇ. ಅವಳು ಅಳಲಿಲ್ಲ. "ಮೂರು ಭಾನುವಾರ ಹೆಸರು ಕೂಗಿದ್ರಕ್ಕ. ಎಲ್ಲಾರೂ ಇದ್ರು, ಯಾರೂ ಏನೂ ಅನ್ನಲಿಲ್ಲ. ಚರ್ಚಿನ ಸ್ವಾಮಿಗಳೇ ತೀರ್ಪಿನ ಕಾಗದ ತೋರ್ಸಿದ್ರು. ನಾನಿನ್ನೇನ್ ಕೇಳ್ಬೇಕಾಗಿತ್ತು?" ಎಂದಳು. ನಾನು ಹೊರಟಾಗ, "ಹಂಗಾದ್ರೆ ನಾನು ಯಾರು?" ಎಂದು ಕೇಳಿದಳು. ಅದು ನನಗೆ ಹಾಕಿದ ಪ್ರಶ್ನೆಯಂತಿರಲಿಲ್ಲ.

ಲೂಸಿ, ನೀನು ಹೇಳಿದ್ದೇ ಸರಿ. ಈ ಕೇಸು ಬೇಡ. ನಿನ್ನನ್ನು ಬಿಡಿಸಲು ಅವಳನ್ನು ಬೀದಿಗೆ ಎಳೆಯುವ ಕಾನೂನಿಗಾಗಿ ನಾನು ನಿನ್ನ ಮದುವೆಯನ್ನು ನಿಲ್ಲಿಸಿದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬರುತ್ತಿದೆ. ಸರಿಯಾದದ್ದನ್ನು ಮಾಡಿದೆನೆಂದೇ ಆಗ ಅಂದುಕೊಂಡಿದ್ದೆ.

ಅಗಾತಾ


ರಾಯಚೂರು
3 ಡಿಸೆಂಬರ್ 1985

ಅಕ್ಕಾ,

ವಕಾಲತ್ತಿಗೆ ಸಹಿ ಹಾಕಿ ಲಕ್ಷ್ಮೀಪತಿಯವರ ಆಫೀಸಿಗೆ ನಿನ್ನೆ ಕಳಿಸಿದೆ. ಕೇಸು ಹಾಕಲಿ.

ಹೋದ ತಿಂಗಳು ಚೌರಪ್ಪನವರಿಗೆ ಇದ್ದಕ್ಕಿದ್ದಂತೆ ಹೊಟ್ಟೆನೋವು ಬಂತು. ಅಪೆಂಡಿಕ್ಸ್ ಒಡೆದಿತ್ತು. ಆಪರೇಷನ್‌ಗೆ ಒಪ್ಪಿಗೆ ಬರೆದುಕೊಡಲು ಸಂಬಂಧಿಕರು ಬೇಕು. ಲಿಂಗಸುಗೂರಿನಿಂದ ಅವರ ತಮ್ಮ ಬರುವಷ್ಟರಲ್ಲಿ ಬೆಳಗ್ಗೆ ಹೋಗಿ ಸಂಜೆಯಾಗಿತ್ತು. ಅಷ್ಟೂ ಹೊತ್ತು ನಾನು ಅವರ ಹಾಸಿಗೆಯ ಪಕ್ಕದಲ್ಲೇ ಇದ್ದೆ, ಡ್ಯೂಟಿ ನರ್ಸ್ ಆಗಿ. ಡಾಕ್ಟರು ನನ್ನ ಮುಖ ನೋಡಿ, "ನೀವು ಸೈನ್ ಹಾಕೋಹಾಗಿಲ್ಲ ಅಲ್ವಾ ಸಿಸ್ಟರ್" ಎಂದರು. ಮರ್ಯಾದೆಯಿಂದಲೇ ಕೇಳಿದರು. ಚೌರಪ್ಪನವರು ಈಗ ಹುಷಾರಾಗಿದ್ದಾರೆ.

ಗಂಡ ಇದ್ದ ಎಂದು ಹೇಳಬೇಕಾದರೆ ಹೇಳುತ್ತೇನೆ. ದೇವರಿಗೆ ಎರಡೂ ಅರ್ಥವಾಗುತ್ತದೆ. ಅರ್ಥವಾಗದವರಿಗೆ ಅವರ ಭಾಷೆಯಲ್ಲೇ ಹೇಳೋಣ. ನೀನು ಹೇಳಿದ್ದೇ ಸರಿ.

ಲೂಸಿ


ಬಸವೇಶ್ವರನಗರ
20 ಜನವರಿ 1986

ಪ್ರೀತಿಯ ಲೂಸಿ,

ನೀನು ಸರಿ ಎಂದು ನಾನು, ನಾನು ಸರಿ ಎಂದು ನೀನು ಒಟ್ಟಿಗೇ ಅಂಚೆಗೆ ಹಾಕಿದೆವಲ್ಲ. ಬೇರೆಯವರ ಮನೆಯದಾಗಿದ್ದರೆ ನಗುತ್ತಿದ್ದೆ. ನಿನ್ನ ಕಾಗದ ಓದಿದ ಮೇಲೆ ನಾನು ಬೇಡ ಎನ್ನುವುದಿಲ್ಲ.

ಮೊನ್ನೆ ಶನಿವಾರ ಸಗಾಯಮ್ಮ ಮಗುವನ್ನು ಎತ್ತಿಕೊಂಡು ವಿಳಾಸ ಕೇಳಿಕೊಂಡು ನಮ್ಮ ಮನೆಗೇ ಬಂದಳು. ಬ್ಲೌಸಿನೊಳಗಿಂದ ಮಡಿಸಿದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಅವಳ ಮದುವೆಯ ಸರ್ಟಿಫಿಕೇಟು, ಮುದ್ರೆ ಸಹಿತ. ನನಗೆ ಕೊಡದಿದ್ದ ಫಾದರ್ ಮದುಮಗಳೇ ಹೋಗಿ ಕೇಳಿದಾಗ ಏಕೆ ಎಂದೂ ವಿಚಾರಿಸದೆ ಬರೆದುಕೊಟ್ಟಿದ್ದಾರೆ. "ನಿಮ್ಮ ತಂಗಿಗೆ ಬಿಡುಗಡೆ ಆದ್ರೆ ನಮ್ಮನೆಯವರು ಇನ್ನೊಂದ್ ಸಲ ನನ್ನನ್ನ ಕಾನೂನು ಪ್ರಕಾರ ಮದ್ವೆ ಆಗ್ಬೋದು ತಾನೆ? ಹಾಗಾದ್ರೆ ಬರ್ಕೊಳ್ಳಿ ಅಕ್ಕ, ನನ್ನ ಹೆಸರು ಏನ್ ಬರ್ಕೋಬೇಕೋ ಬರ್ಕೊಳ್ಳಿ" ಎಂದಳು. ರಾಯಪ್ಪನಿಗೆ ಹೇಳಿಲ್ಲವಂತೆ. ನಾನು ಅವಳಿಗೆ ಕಾಫಿ ಕೊಟ್ಟೆ.

ಇದನ್ನು ಕೇಳಿ ಲಕ್ಷ್ಮೀಪತಿ ಬಾಗಿಲು ಹಾಕಿದರು. ಎರಡು ಕಡೆಯವರೂ ಸೇರಿಕೊಂಡು ಕೇಸು ನಡೆಸಿದರೆ ನ್ಯಾಯಾಧೀಶರು ವಜಾ ಮಾಡಲೇಬೇಕು ಎಂದು ಅದೇ ಕಾನೂನಿನಲ್ಲಿದೆಯಂತೆ. ಪ್ರತಿ ಕೊಟ್ಟವರು ಯಾರೆಂದು ಯಾರೂ ಬಾಯಿ ಬಿಡಬಾರದು. ಸಾಮಾನ್ಯವಾಗಿ ಕೇಳುವುದಿಲ್ಲ, ಹೆದರಬೇಡಿ ಎಂದರು. ನಿನಗೂ ಇದನ್ನೇ ಬರೆಯಲು ಹೇಳಿದ್ದಾರೆ, ಬರೆದಿದ್ದೇನೆ.

ಅಗಾತಾ


ರಾಯಚೂರು
17 ಆಗಸ್ಟ್ 1986

ಅಕ್ಕಾ,

ಕೋರ್ಟಿಗೆ ಬಂದ ದಿನ ನಿನ್ನ ಹತ್ತಿರ ಮಾತಾಡದೆ ರೈಲು ಹತ್ತಿದ್ದಕ್ಕೆ ಬೇಸರ ಮಾಡಿಕೊಂಡಿರಬೇಕು. ಸಾಕ್ಷಿ ಹೇಳುವವರು ಒಳಗೆ ಇರಬಾರದೆಂದು ನಿನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ಕೊನೆಗೆ ನಿನ್ನನ್ನು ಕರೆಯಲೇ ಇಲ್ಲ. ಯಾಕೆ ಕರೆಯಲಿಲ್ಲ ಎಂದು ನಾನು ಹೇಳಬೇಕು.

ಬೈಬಲ್ ಕೊಟ್ಟರು. ಚರ್ಚಿನ ನ್ಯಾಯಪೀಠದಲ್ಲಿ ಕೊಟ್ಟದ್ದು ಕನ್ನಡದ್ದು, ಇದು ಇಂಗ್ಲಿಷಿನದು, ಹೊದಿಕೆ ಕಿತ್ತುಹೋಗಿತ್ತು. ರಾಯಪ್ಪ ಬಂದಿರಲಿಲ್ಲ, ವಕೀಲರನ್ನೂ ಇಟ್ಟಿರಲಿಲ್ಲ. ರಾಯಪ್ಪ ನಿಮ್ಮ ಗಂಡನೇ ಎಂದು ಲಕ್ಷ್ಮೀಪತಿ ಕೇಳಿದರು. ಮದುವೆ ನಡೆದಿತ್ತು ಎಂದೆ. "ಹೌದು ಅನ್ನಿ ಸಾಕು" ಎಂದರು. ಹೌದು ಎಂದೆ. ಅಷ್ಟರವರೆಗೆ ನಾನು ಚೆನ್ನಾಗಿಯೇ ಹೇಳಿದೆ.

ಆಮೇಲೆ ಜಡ್ಜು ಸರ್ಟಿಫಿಕೇಟನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ನೋಡಿ, "ಇದು ನಿಮಗೆ ಹೇಗೆ ಸಿಕ್ಕಿತಮ್ಮ?" ಎಂದರು. ಲಕ್ಷ್ಮೀಪತಿ ಕನ್ನಡಕ ಒರೆಸತೊಡಗಿದರು. ಅಂಚೆಯಲ್ಲಿ ಬಂತು ಎನ್ನಬಹುದಿತ್ತು. ನೀನು ಕಳಿಸಿದ್ದು ನನಗೆ ಅಂಚೆಯಲ್ಲೇ ಬಂದದ್ದು. ಮೂರು ಸೆಕೆಂಡಿನಲ್ಲಿ ಹೇಳಿ ಮುಗಿಸುವ ಮಾತು. ನನ್ನ ಕೈ ಇನ್ನೂ ಆ ಹರಕು ಪುಸ್ತಕದ ಮೇಲೇ ಇತ್ತು. "ಸಗಾಯಮ್ಮ ಕೊಟ್ಟರು" ಎಂದೆ.

"ಯಾಕೆ ಕೊಟ್ಟರು?"

"ನನಗೆ ಬಿಡುಗಡೆ ಸಿಕ್ಕಿದ್ರೆ ಅವರ ಮದುವೆಗೂ ಕಾನೂನಿನ ಬಲ ಬರುತ್ತೆ ಅಂತ."

ಜಡ್ಜು ಇಂಗ್ಲಿಷಿನಲ್ಲಿ ಏನೋ ಹೇಳಿದರು, ಟೈಪಿಸ್ಟ್ ಅದನ್ನು ಟೈಪ್ ಮಾಡಿದ. ಆಮೇಲೆ ಯಾರೂ ನನ್ನನ್ನು ನೋಡಲಿಲ್ಲ.

ನನಗೆ ಧೈರ್ಯ ಬಂದು ಹೇಳಿದ್ದಲ್ಲ ಅಕ್ಕ. ಒಂದು ಕಡೆ ಮದುವೆ ಇರಲಿಲ್ಲ ಎಂದೆ, ಇನ್ನೊಂದು ಕಡೆ ಇತ್ತು ಎಂದೆ. ಎರಡನ್ನೂ ನಿಜವೆಂದೇ ನಂಬಿ ಹೇಳಿದೆ. ಮೂರನೆಯ ಮಾತು ಮಾತ್ರ ಸುಳ್ಳೆಂದು ನನಗೆ ಗೊತ್ತಿತ್ತು. ಅದು ಬಾಯಿಗೆ ಬರಲಿಲ್ಲ.

ಲೂಸಿ


ಬಸವೇಶ್ವರನಗರ
12 ಅಕ್ಟೋಬರ್ 1986

ಪ್ರೀತಿಯ ಲೂಸಿ,

ಆದೇಶ ಬಂತು. ವಜಾ. ಅರ್ಜಿದಾರಳೂ ಎದುರು ಕಡೆಯವರೂ ಒಳಒಪ್ಪಂದ ಮಾಡಿಕೊಂಡಂತೆ ಕಾಣುತ್ತದೆ ಎಂದು ಬರೆದಿದ್ದಾರೆ. ಮೂರು ಪುಟ ಇದೆ. ನಾನು ಮಕ್ಕಳಿಗೆ ಇಂಗ್ಲಿಷ್ ಕಲಿಸುವವಳು. ಎಷ್ಟು ಹುಡುಕಿದರೂ ಒಂದು ತಪ್ಪು ವಾಕ್ಯ ಸಿಗಲಿಲ್ಲ. ರಾಯಪ್ಪ ಎರಡನೆಯ ಮದುವೆಯಾದದ್ದು ರುಜುವಾತಾಗಿದೆ ಎಂದೂ ಅದರಲ್ಲೇ ಇದೆ. ನೀನು ಸತ್ಯವಂತೆಯಂತೆ ಕಾಣುತ್ತೀಯ ಎಂದೂ ಇದೆ.

ನನಗೆ ಕೂಗಾಡಬೇಕೆನಿಸುತ್ತದೆ. ಯಾರ ಮೇಲೆ ಎಂದು ತಿಳಿಯುತ್ತಿಲ್ಲ. ಚರ್ಚು ನಾಲ್ಕು ವರ್ಷ ತೆಗೆದುಕೊಂಡು ಬಾಗಿಲು ತೆರೆಯಿತು, ಆ ಬಾಗಿಲ ಆಚೆ ಗೋಡೆ ಇದೆ ಎಂದು ಒಬ್ಬರಾದರೂ ಹೇಳಬಹುದಿತ್ತು. ಕೋರ್ಟು ಆ ಬಾಗಿಲನ್ನು ಕಂಡೇ ಇಲ್ಲ ಎನ್ನುತ್ತದೆ. ಅಪೀಲು ಹಾಕಬಹುದು ಎನ್ನುತ್ತಾರೆ ಲಕ್ಷ್ಮೀಪತಿ. "ನಿಮ್ಮ ತಂಗಿ ಇನ್ನೊಂದು ಸ್ವಲ್ಪ ಕಡಿಮೆ ಮಾತಾಡಿದ್ರೆ" ಎಂದು ಶುರು ಮಾಡಿದರು. ಅನಂತಲಕ್ಷ್ಮಿ ಗಂಡನಿಗೆ, "ಸಾಕು ಸುಮ್ನಿರಿ" ಎಂದಳು.

ವಿಷಯ ತಿಳಿದು ರಾಯಪ್ಪ ಸಗಾಯಮ್ಮನ ಮೇಲೆ ಕೈ ಮಾಡಿದ್ದಾನೆ. ನೀನು ಮದುವೆಯಾದರೆ ಕೇಸು ಹಾಕುತ್ತೇನೆ ಎಂದು ನಮ್ಮ ಗೇಟಿನ ಹತ್ತಿರ ಬಂದು ಹೇಳಿ ಹೋದ. ಸಗಾಯಮ್ಮ ಮಗುವಿನೊಂದಿಗೆ ಹೆಗ್ಗನಹಳ್ಳಿಯ ತವರಿನಲ್ಲಿದ್ದಾಳೆ. ಹೋಗಿ ನೋಡಿ ಬಂದೆ. ಆದೇಶದಲ್ಲಿ ಏನಿದೆ ಎಂದು ಕೇಳಿದಳು. ಕನ್ನಡದಲ್ಲಿ ಹೇಳಲು ನನಗೆ ಆಗಲಿಲ್ಲ.

ಅಗಾತಾ


ರಾಯಚೂರು
2 ನವೆಂಬರ್ 1986

ಅಕ್ಕಾ,

ಅಪೀಲು ಬೇಡ. ಎರಡು ಕಡೆ ಹೋದೆ, ಎರಡು ಕಡೆಯೂ ನಿಜ ಹೇಳಿದೆ. ಮೂರನೆಯ ಕಡೆಗೆ ಹೋಗಲು ನನ್ನ ಹತ್ತಿರ ಇನ್ನು ನಿಜ ಉಳಿದಿಲ್ಲ.

ಸಗಾಯಮ್ಮನಿಗೆ ಬರೆದಿದ್ದೇನೆ. ಬರುವುದಾದರೆ ನಮ್ಮ ಆಸ್ಪತ್ರೆಯಲ್ಲಿ ಆಯಾ ಕೆಲಸ ಇದೆ, ಇರಲು ಕ್ವಾರ್ಟರ್ಸು ಇದೆ. ನನ್ನ ನಿಜಕ್ಕೆ ಏಟು ತಿಂದವಳು ಅವಳು.

ಈ ತಿಂಗಳ ಕೊನೆಯ ಸೋಮವಾರ ಬೆಳಗ್ಗೆ ಆಸ್ಪತ್ರೆಯ ಪ್ರಾರ್ಥನಾಲಯದಲ್ಲಿ ನನಗೂ ಚೌರಪ್ಪನವರಿಗೂ ಮದುವೆ. ಫಾದರ್‌ಗೆ ಕೋರ್ಟಿನ ವಿಷಯ ಪೂರ್ತಿ ಹೇಳಿದೆ. ಅವರು ಚರ್ಚಿನ ತೀರ್ಪನ್ನು ಇನ್ನೊಮ್ಮೆ ಓದಿ, ನಾನು ನೋಡಬೇಕಾದ ಕಾಗದ ನಿನ್ನ ಹತ್ತಿರ ಇದೆ ಎಂದರು. ಮದುವೆ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಅವಿವಾಹಿತೆ ಎಂದು ಬರೆಯುತ್ತಾರಂತೆ. ನಲವತ್ತಕ್ಕೆ ಹತ್ತಿರವಾದ ಅವಿವಾಹಿತೆ, ಕೋರ್ಟಿನಿಂದ ರಾಯಪ್ಪನ ಹೆಂಡತಿ ಎಂದು ಸರ್ಟಿಫಿಕೇಟು ಪಡೆದವಳು. ಅವನು ನನ್ನ ಮೇಲೆ ಕೇಸು ಹಾಕಿದರೆ ನಾನೂ ಅವನ ಮೇಲೆ ಹಾಕಬಹುದು. ನೀನು ಅಷ್ಟು ಕಷ್ಟಪಟ್ಟು ತಂದ ಸಾಕ್ಷಿ ಹೇಗೂ ಕೋರ್ಟಿನಲ್ಲಿದೆ.

ನೀನು ಬರಬೇಡ. ಬಂದರೆ ಸಾಕ್ಷಿಯೆಂದು ಸಹಿ ಹಾಕಬೇಕಾಗುತ್ತದೆ. ನಿನ್ನದು ಸರ್ಕಾರದ ಅನುದಾನದ ಶಾಲೆ. ನಾಳೆ ನಿನ್ನನ್ನೂ ಕರೆಸಿ, ಗೊತ್ತಿದ್ದೂ ಹೇಗೆ ಹಾಕಿದಿರಿ ಎಂದು ಕೇಳಿದರೆ ನೀನು ಸುಳ್ಳು ಹೇಳುವವಳಲ್ಲ. ನಮ್ಮ ಮನೆಯಲ್ಲಿ ಅಂಥವಳು ಒಬ್ಬಳು ಸಾಕು.

ಲೂಸಿ


ಬಸವೇಶ್ವರನಗರ
11 ನವೆಂಬರ್ 1986

ಪ್ರೀತಿಯ ಲೂಸಿ,

ನಿನ್ನ ಕಾಗದ ಹೋದ ವಾರವೇ ಬಂತು. ಲಕ್ಷ್ಮೀಪತಿಯವರನ್ನು ಈ ಸಲ ನಾನು ಏನೂ ಕೇಳಲಿಲ್ಲ.

ನೀನು ಮಾಡುತ್ತಿರುವುದು ಸರಿ ಎಂದು ಬರೆಯಲು ಪೆನ್ನು ಹಿಡಿದೆ, ಬರೆಯಲಾಗಲಿಲ್ಲ. ತಪ್ಪು ಎಂದು ಬರೆಯಲೂ ಆಗಲಿಲ್ಲ. ಕಾನೂನು ಕೆಟ್ಟದ್ದಾಗಿದ್ದರೆ ಅದನ್ನು ಮುರಿಯಬಹುದೆ, ಮುರಿದರೆ ನಾಳೆ ಇನ್ನೊಬ್ಬ ರಾಯಪ್ಪ ಇದೇ ಮಾತು ಹೇಳಿಕೊಂಡು ಮುರಿಯುವುದಿಲ್ಲವೆ ಎಂದು ಇಷ್ಟು ದಿನ ನನ್ನೊಳಗೇ ವಾದ ಮಾಡಿದ್ದೇನೆ. ಮುಗಿದಿಲ್ಲ. ನಿನ್ನ ಮದುವೆಯೊಳಗೆ ಮುಗಿಯುವಂತೆಯೂ ಕಾಣುವುದಿಲ್ಲ.

ಸಹಿ ಹಾಕುತ್ತೇನೋ ಇಲ್ಲವೋ ಎಂದು ಈಗ ಕೇಳಬೇಡ. ಆದರೆ ನಾಳೆ ಯಾರಾದರೂ ಪ್ರಮಾಣ ಮಾಡಿಸಿ, ನೀವು ಏನು ನೋಡಿದಿರಿ ಎಂದು ಕೇಳಿದರೆ, ನನ್ನ ತಂಗಿಯ ಮದುವೆ ನೋಡಿದೆ ಎಂದು ಹೇಳುತ್ತೇನೆ. ಅದನ್ನು ಹೇಳಬೇಕಾದರೆ ನಾನು ಅಲ್ಲಿ ಇರಬೇಕಲ್ಲ.

ಶಾಲೆಯಲ್ಲಿ ರಜೆ ಕೇಳಿದ್ದೇನೆ. ಮದುವೆಯ ಹಿಂದಿನ ಶನಿವಾರದ ರೈಲಿಗೆ ಹೊರಡುತ್ತೇನೆ. ಸಗಾಯಮ್ಮನೂ ಮಗುವೂ ನನ್ನ ಜೊತೆ ಬರುತ್ತಾರೆ.

ಅಗಾತಾ